ಏಳು ಒಲೆಯ ನೀಲವ್ವ

ಹೊಗೆ ನೋಡಿ ಒಳಗೆ ಏನು ಬೇಯುತ್ತಿದೆ ಎಂದು ಹೇಳುವ ಹೆಂಗಸನ್ನು ನನ್ನ ಆಯುಷ್ಯದಲ್ಲಿ ಒಬ್ಬಳನ್ನೇ ಕಂಡಿದ್ದೇನೆ. ನೀಲವ್ವ ಅಂಗಳದ ಬೇವಿನ ಮರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿರುತ್ತಿದ್ದಳು. ಎದುರಿಗೆ ಸಾಲಾಗಿ ಏಳು ಕೋಣೆ. ಪ್ರತಿ ಕೋಣೆಯ ಮಾಳಿಗೆಗೂ ಒಂದೊಂದು ಬೆಳಕಿಂಡಿ, ಅದರಿಂದ ಮೇಲೇಳುವ ಹೊಗೆ. ಕೂತಲ್ಲಿಂದಲೇ ಮೂಗು ಅರಳಿಸಿ ಕೂಗುತ್ತಿದ್ದಳು: "ಮೂರನೇ ಕೋಣಿಯವ್ರೇ, ಬ್ಯಾಳಿ ತಳಾ ಹಿಡ್ಯಾಕತ್ತದ, ಇಳಸ್ರಿ! ಐದನೇದವ್ರೇ, ಹಸಿ ಜಾಲಿ ಯಾಕ ತುರುಕೀರಿ, ಕಣ್ಣ ಹೋಗ್ತಾವ!" ಒಳಗಿದ್ದವರು ಗಡಬಡಿಸಿ ಮುಚ್ಚಳ ತೆಗೆದರೆ ಬೇಳೆ ನಿಜಕ್ಕೂ ತಳ ಹಿಡಿಯುತ್ತಿರುತ್ತಿತ್ತು. ಹೀಗೆ ಏಳು ಅಡುಗೆಯನ್ನು ಹೊರಗಿನಿಂದಲೇ ನಡೆಸುತ್ತಿದ್ದ ಈ ಹೆಂಗಸು, ಮಂದಿ ಇಳಿದುಕೊಂಡ ಮೇಲೆ, ಒಂದೇ ಒಂದು ಸಲ ಬಿಟ್ಟರೆ, ಆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟವಳಲ್ಲ.

ಮೊನ್ನೆ ಮೊಮ್ಮಗಳು ಕಡಲ ದಂಡೆಯ ಯಾವುದೋ ಊರಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ತೊಂಬತ್ತು ದಾಟಿದವಳಿಗೆ ಕಡಲೇನು, ಕೆರೆಯೇನು. ಬಾಡಿಗೆಗೆ ಹಿಡಿದ ಮನೆಯ ಕಿಟಕಿ ತೆರೆದು, "ಅಜ್ಜಿ, ಇಲ್ಲಿ ಒಲೆ, ಪಾತ್ರೆ ಎಲ್ಲಾ ಅವರೇ ಇಟ್ಟಿರ್ತಾರೆ. ಅಡುಗೆ ಮಾತ್ರ ನಾವೇ ಮಾಡ್ಕೋಬೇಕು. ಎಷ್ಟು ಚೆನ್ನಾಗಿದೆ ಅಲ್ಲಾ?" ಎಂದಳು, ಜಗತ್ತಿನಲ್ಲಿ ಇದು ಮೊದಲನೆಯ ಸಲ ಆಗುತ್ತಿದೆ ಎನ್ನುವ ಹಾಗೆ. ನನಗೆ ಮೊದಲು ನಗು ಬಂತು, ಆಮೇಲೆ ದಣಿವು ಬಂತು. ಆ ಕಿಟಕಿಯ ಮುಂದೆ ಕೂತಾಗ ನನ್ನ ಕಣ್ಣಿಗೆ ಭೀಮಾ ಹೊಳೆ ಕಟ್ಟಿತು. ಎಪ್ಪತ್ತು ವರ್ಷದಿಂದ ಯಾರ ಮುಂದೆಯೂ ಆಡದೆ ಇಟ್ಟುಕೊಂಡ ಮಾತೊಂದು ಇದೆ. ಹೊತ್ತು ಹೊತ್ತು ಸಾಕಾಗಿದೆ, ಇಳಿಸಿಬಿಡುತ್ತೇನೆ.

ಅಫಜಲಪುರ ತಾಲೂಕಿನ ಮಣ್ಣೂರಿನ ಹೊರಗೆ, ಭೀಮೆಯ ದಂಡೆಯ ಮೇಲೆ ನೀಲವ್ವನ ಬಿಡಾರ ಇತ್ತು. ನಾವು ಇರುವ ದಂಡೆ ಆಗ ನಿಜಾಮ ಸೀಮೆ, ಮೊಗಲಾಯಿ ಎನ್ನುತ್ತಿದ್ದರು. ಆಚೆಯ ದಂಡೆ ಮುಂಬಯಿ ಸರಕಾರದ್ದು. ಆ ಏಳು ಕೋಣೆಗಳನ್ನು ಹಿಂದೆ ಯಾವನೋ ವ್ಯಾಪಾರಿ ಮಾಲು ಇಳಿಸಲು ಕಟ್ಟಿಸಿ, ಬಿಟ್ಟು ಹೋಗಿದ್ದನಂತೆ. ನೀಲವ್ವನ ಗಂಡ ಅಂಬಿಗ, ದೋಣಿ ನಡೆಸುತ್ತಿದ್ದವನು, ಹೊಳೆಯಲ್ಲೇ ಮುಳುಗಿ ಹೋದ. ಅವನು ಹೋದ ಮೇಲೆ ಇವಳು ಕೋಣೆಗಳಿಗೆ ಒಂದೊಂದು ಒಲೆ ಹಾಕಿ ಬಂದುಹೋಗುವವರಿಗೆ ಕೊಡತೊಡಗಿದಳು. ಕ್ಷೇತ್ರಕ್ಕೆ ನಡೆದು ಹೋಗುವವರು ಇಳಿಯುತ್ತಿದ್ದರು. ಚಳಿಗಾಲದಲ್ಲಿ ಕಲಬುರ್ಗಿ, ಆಳಂದ, ಜೇವರ್ಗಿ ಕಡೆಯ ಉಳ್ಳವರು ಹವಾ ಬದಲಿಸಲಿಕ್ಕೆಂದು ಹದಿನೈದು ದಿನ ಬಂದು ಇರುತ್ತಿದ್ದರು. ಬಂದವರಿಗೆ ಎರಡು ಮಡಕೆ, ಒಂದು ಹಂಚು, ಹಿಟ್ಟು ನಾದಲು ಒಂದು ಪರಾತ, ಒಂದು ಹೊರೆ ಕಟ್ಟಿಗೆ ಕೊಟ್ಟು ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಒಲಿ ಅದ, ಕಟ್ಟಿಗಿ ಅದ, ಹೊಳಿ ಅದ. ಕೈ ನಿಮ್ಮವು."

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನಲವತ್ತೇಳರ ಸಂಕ್ರಾಂತಿಯ ಹೊತ್ತಿಗೆ. ಮದುವೆಯಾಗಿ ವರ್ಷವಾಗಿರಲಿಲ್ಲ. ನಮ್ಮವರು ಆಳಂದದಲ್ಲಿ ಮಾಸ್ತರರು, ಮನೆ ಇದ್ದದ್ದು ಅದೇ ಕಡೆಯ ಹಳ್ಳಿ ಕಿಣ್ಣಿ ಸುಲ್ತಾನದಲ್ಲಿ. ಅತ್ತೆಯವರಿಗೆ ಮೊಣಕಾಲು ಬಾವು. ಹೊಳೆಯ ಸ್ನಾನ ಮಾಡಿ ಎಳೆ ಬಿಸಿಲಿಗೆ ಕೂತರೆ ಇಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಮೂರು ದಿನ ಗಾಡಿಯಲ್ಲಿ ಕುಲುಕಿ ಕುಲುಕಿ ಮುಟ್ಟಿದಾಗ ಅಂಗಳದಲ್ಲಿ ದೊಡ್ಡ ಜಗಳ ನಡೆದಿತ್ತು. ಎಲ್ಲರಿಗೂ ಹೊಳೆ ಕಾಣುವ ಕೋಣೆಯೇ ಬೇಕು. ಅಂಥ ಕೋಣೆ ಇದ್ದದ್ದು ಕಡೆಯದೊಂದೇ. ನೀಲವ್ವ ಮರಕ್ಕೆ ಒರಗಿದವಳು ಅಲ್ಲಾಡಲೇ ಇಲ್ಲ. "ಹೊಳಿ ಎಲ್ಲೂ ಓಡಿ ಹೋಗಂಗಿಲ್ರಿ. ಹೊರಗ ಬಂದು ನಿಂತ್ರ ಎಲ್ಲಾರಿಗೂ ಕಾಣ್ತದ, ಒಳಗ ಕುಂತು ಯಾಕ ನೋಡ್ತೀರಿ?" ಎಂದಳು. ಆಮೇಲೆ ಅತ್ತೆಯವರ ಕಾಲು ನೋಡಿ ಆ ಕಡೆಯ ಕೋಣೆಯ ಬೀಗದ ಕೈ ನನ್ನ ಮಡಿಲಿಗೆ ಎಸೆದಳು. ಬೇರೆಯವರು ಮುಖ ಗಂಟು ಹಾಕಿಕೊಂಡು ಹೋದರು.

ಒಳಗೆ ಹೋದರೆ ಒಲೆ ಸೆಗಣಿಯಿಂದ ಸಾರಿಸಿ, ಮೇಲೆ ಎರಡು ಎಳೆ ರಂಗೋಲಿ ಎಳೆದು ಇಟ್ಟಿತ್ತು. ಇನ್ನೂ ಹಸಿ ಆರಿರಲಿಲ್ಲ. ಅತ್ತೆಯವರು ಅದನ್ನು ನೋಡಿ, "ಸುಶೀಲಾ, ಸೆಗಣಿ ತಂದು ಒಲಿ ಸಾರಿಸು" ಎಂದರು. "ಸಾರಿಸ್ಯಾರಲ್ರಿ ಅತ್ಯಾ" ಎಂದೆ. "ಆಕಿ ಸಾರಿಸ್ಯಾಳ. ಈಗ ನೀ ಸಾರಿಸು" ಎಂದರು. ನಾನು ಅಂಗಳಕ್ಕೆ ಬಂದು ಸೆಗಣಿ ಎಲ್ಲಿದೆ ಎಂದು ಹೇಗೆ ಕೇಳುವುದು ಎಂದು ನಿಂತುಕೊಂಡೆ. ನೀಲವ್ವ ನನ್ನ ಮುಖ ಕೂಡ ನೋಡದೆ, "ಆ ಮೂಲ್ಯಾಗ ಬುಟ್ಟಿ ಇಟ್ಟೇನಿ ನೋಡ್ರಿ ಬಾಯಿ. ಎಲ್ಲಾರೂ ಒಯ್ತಾರ" ಎಂದಳು. ದೊಡ್ಡ ಮನೆತನದ ಹೆಂಗಸರನ್ನು ಅವಳು 'ಬಾಯಿ' ಎಂದೇ ಕರೆಯುತ್ತಿದ್ದದ್ದು.

ಅದು ಆ ಬಿಡಾರದ ಪದ್ಧತಿ. ಬೆಳಗಾದರೆ ಖಾಲಿ ಕೋಣೆಗಳ ಒಲೆಗಳನ್ನೆಲ್ಲ ಅವಳು ಸಾರಿಸಿ ಇಡುವುದು. ಬಂದವರು ಅವಳ ಕೈ ತಗುಲಿದೆ ಎಂದು ಮತ್ತೆ ಅದರ ಮೇಲೆ ಸಾರಿಸುವುದು. ಎರಡನೆಯ ಸಲ ಸಾರಿಸಲು ಬೇಕಾದ ಸೆಗಣಿಯನ್ನೂ ಅವಳೇ ಕೂಡಿಸಿ ಇಡುವುದು! ಹಾಗಿದ್ದ ಮೇಲೆ ನೀನು ಯಾಕೆ ಸುಮ್ಮನೆ ಸೊಂಟ ಮುರಿದುಕೊಳ್ಳುತ್ತೀ ಎಂದು ಒಂದು ದಿನ ಕೇಳಿದೆ. ನಾನು ಇಪ್ಪತ್ತೂ ತುಂಬದ ಹುಡುಗಿ, ನನ್ನ ತಾಯಿಯ ವಯಸ್ಸಿನವಳನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ಅದು ಯಾರಿಗೂ ತಪ್ಪು ಅನ್ನಿಸುತ್ತಿರಲಿಲ್ಲ, ನನಗೂ ಅನ್ನಿಸಲಿಲ್ಲ. ನೀಲವ್ವ, "ಮನಿ ನಂದಲ್ರಿ? ಬಂದವ್ರಿಗೆ ಬೂದಿ ಒಲಿ ಹ್ಯಾಂಗ ಕೊಡ್ಲಿ?" ಎಂದಳು, ಅಷ್ಟೇ.

ಆಗ ನಾಲ್ಕನೇ ಕೋಣೆಯಲ್ಲಿ ಒಬ್ಬ ವಕೀಲರು ಇದ್ದರು. ಹೆಂಡತಿ ತೌರಿಗೆ ಹೋಗಿದ್ದಳು, ಕರೆತಂದಿದ್ದ ಅಡುಗೆಯವನು ಎರಡನೇ ದಿನ ಜ್ವರ ಬಂತೆಂದು ಓಡಿಹೋದ. ಕೋರ್ಟಿನಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ಮನುಷ್ಯ, ಹಿಟ್ಟಿನ ಮುಂದೆ ಕೂತು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನೀಲವ್ವನ ಕೈಯಿಂದ ಮಾಡಿಸಿಕೊಳ್ಳಲು ಮನಸ್ಸಿಲ್ಲ, ಹಸಿವು ತಡೆಯುವುದಿಲ್ಲ. ನೀಲವ್ವ ಅವರ ಬಾಗಿಲೆದುರು ಅಂಗಳದಲ್ಲಿ ಬಂದು ಕೂತಳು. ಹೊಸ್ತಿಲಿನ ಈಚೆ ಅವಳು, ಆಚೆ ವಕೀಲರು.

"ನೀರ ಹಾಕ್ರಿ. ಬಿಸಿವು. ಇನ್ನೊಂದೀಟು... ಸಾಕ್ರಿ. ಸಾಕಂದ್ನಲ್ರಿ! ಏನ್ ಹೊಳಿ ತಂದು ಸುರುವಿದ್ರಿ? ಹಿಟ್ಟ ಹಾಕ್ರಿ ಮತ್ತ. ನಾದ್ರಿ. ಅಂಗೈಲೆ ನಾದ್ರಿ, ಬೆರಳಿಲೆ ಅಲ್ಲ, ನೀವೇನ್ ಕಾಗದಾ ಬರ್ಯಾಕತ್ತೀರೇನ್?"

ವಕೀಲರು ಬೆವರುತ್ತ, "ಇದು ಅಂಟ್ತದ ನೀಲವ್ವಾ!" ಎಂದರೆ, "ಅಂಟ್ಲಿ ಬಿಡ್ರಿ, ನಿಮ್ಮ ಹಿಟ್ಟು ನಿಮ್ಗs ಅಂಟ್ತದ" ಎನ್ನುವಳು. ಅಂಗಳದಲ್ಲಿ ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆವು. ಮೊದಲ ರೊಟ್ಟಿ ಹಂಚಿನ ಮೇಲೆ ಮೂರು ತುಂಡಾಯಿತು. ಎರಡನೆಯದು ಒಂದು ಕಡೆ ಕರಕಲು, ಒಂದು ಕಡೆ ಹಸಿ. ಐದನೆಯದು ಉಬ್ಬಿತು ನೋಡಿ, ವಕೀಲರು ದೊಡ್ಡ ದಾವೆ ಗೆದ್ದವರ ಹಾಗೆ ಅದನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ನೀಲವ್ವನೂ ಮನಸಾರೆ ನಕ್ಕಳು. ಆದರೆ ಅವರು ಒಳಗೆ ಉಣ್ಣಲು ಕೂತ ಮೇಲೆ ಅವಳ ಮುಖ ಇಳಿಯಿತು. ನಾನು ಪಕ್ಕದಲ್ಲೇ ಇದ್ದೆ.

"ನನ್ನ ಒಲಿ ಆದ್ರ ನಡೀತದ್ರಿ ಬಾಯಿ, ಕೈ ಆದ್ರ ನಡ್ಯಂಗಿಲ್ಲ" ಎಂದಳು. ಸಿಟ್ಟಿರಲಿಲ್ಲ, ಸುಸ್ತಾದವರ ದನಿ ಇತ್ತು. "ಹದಿನೆಂಟು ವರ್ಷಾತು. ಈ ಏಳು ಕೋಣ್ಯಾಗ ಎಷ್ಟ ಮಂದಿ ಬಂದು ಹೋದ್ರೋ ಏನೋ. ನನ್ನ ರೊಟ್ಟಿ ಛಲೋ ಆಗ್ತಾವ್ರಿ. ಛಲೋ ಆಗ್ಯಾವ ಅನ್ನಾಕ ಯಾರೂ ಇಲ್ಲ. ಒಬ್ಬರಾರ, ನಿಮ್ಮ ಅತ್ತಿಯವ್ರಂಥ ದೊಡ್ಡ ಬಾಯಾರು ಒಬ್ಬರು, ತಾವಾಗಿ ಬಂದು, ಇದು ನೀಲವ್ವನ ಕೈದು ಅಂತ ಗೊತ್ತಿದ್ದು ಉಂಡ್ರ ಸಾಕಾಗಿತ್ತು. ಮತ್ತೇನೂ ಬ್ಯಾಡಾಗಿತ್ತು ನನಗ."

ನಾನು ಒಳಗೆ ಹೋಗಿ ನಮ್ಮ ಒಲೆ ಹಚ್ಚಿದೆ.

ಅದೇ ವರ್ಷ ಆಗಸ್ಟಿನಲ್ಲಿ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಹೊಳೆಯ ಆಚೆ ದಂಡೆಯಲ್ಲಿ ಧ್ವಜ ಏರಿತು, ಈಚೆ ದಂಡೆಯಲ್ಲಿ ಅದೇ ಧ್ವಜ ಏರಿಸಿದವರನ್ನು ಹುಡುಕತೊಡಗಿದರು. ನಮ್ಮವರು ಶಾಲೆಯ ಅಂಗಳದಲ್ಲಿ ಏರಿಸಿದವರು. ಕೆಲವು ತಿಂಗಳು ಅವರಿವರ ಹೊಲದಲ್ಲಿ ತಲೆ ಮರೆಸಿಕೊಂಡಿದ್ದು, ನಲವತ್ತೆಂಟರ ಬೇಸಿಗೆಯ ಮೊದಲಿಗೆ ಹೊಳೆ ಬತ್ತಿದಾಗ ನಡೆದೇ ದಾಟಿ ಆಚೆಯ ಇಂಡಿ ಊರಿನ ಕಡೆ ಹೋದರು. ನಾನು ಆಗ ಬಸುರಿ. ಅತ್ತೆಯವರೂ ನಾನೂ ಮನೆಯಲ್ಲಿ ಉಳಿದೆವು. ಮಳೆಗಾಲ ಬರುವಷ್ಟರಲ್ಲಿ ನಿಜಾಮನ ಕಡೆಯ ಬಂದೂಕಿನ ಮಂದಿ ಊರೂರಿಗೆ ಬಂದು ಮನೆ ಹೊಕ್ಕು ಕೇಳಲು ಶುರು ಮಾಡಿದರು. ಎರಡು ಸಲ ನಮ್ಮ ಮನೆಗೂ ಬಂದರು. ಎರಡನೇ ಸಲ ಬಂದವರು ಇನ್ನೊಮ್ಮೆ ಬಂದಾಗ ಮಾಸ್ತರ ಸಿಗದಿದ್ದರೆ ನಿಮ್ಮನ್ನೇ ಒಯ್ಯುತ್ತೇವೆ ಎಂದು ಹೇಳಿ ಹೋದರು. ಗಡಿಯಾಚೆಗೆ ಹೋಗುವ ಅಕ್ಕಲಕೋಟೆಯ ದಾರಿಯಲ್ಲಿ ಕಾವಲು ಬಿಗಿ ಇತ್ತು. ಹೊಳೆಯೊಂದೇ ದಾರಿ ಎಂದು ಶ್ರಾವಣದಲ್ಲಿ ಗಾಡಿ ಕಟ್ಟಿಸಿದೆವು. ಏಳು ತಿಂಗಳ ಬಸುರಿ, ಮೊಣಕಾಲು ಬಾತ ಮುದುಕಿ, ಕೆಸರಿನ ದಾರಿ. ಆ ದಾರಿಯ ಸುದ್ದಿ ಈಗಲೂ ಬೇಡ ನನಗೆ.

ನೀಲವ್ವ ನಮ್ಮನ್ನು ನೋಡಿ ಏನು ಎತ್ತ ಎಂದು ಕೇಳಲಿಲ್ಲ. ಕಡೆಯ ಕೋಣೆ ತೆರೆದು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದಳು. ನಮ್ಮಂತೆಯೇ ಕಾಯುತ್ತ ಇನ್ನೂ ಎರಡು ಸಂಸಾರ ಅಲ್ಲಿದ್ದವು: ಜೇವರ್ಗಿಯ ಒಬ್ಬ ಅರಿವೆ ವ್ಯಾಪಾರಿ ಮತ್ತು ಹೆಂಡತಿ, ಕರಜಗಿಯ ಒಬ್ಬ ರೈತ ಮತ್ತು ಅವನ ಹೆಂಡತಿ. ಹೊಳೆ ತುಂಬಿ ಹರಿಯುತ್ತಿತ್ತು. ನೀಲವ್ವನ ಮೈದುನ ಮಲಕಪ್ಪ ದೋಣಿಯನ್ನು ದಂಡೆಯ ಜಾಲಿಯೊಳಗೆ ಅಡಗಿಸಿ ಇಟ್ಟಿದ್ದ. ನೀರು ಸ್ವಲ್ಪ ಇಳಿಯಲಿ, ದಾಟಿಸುತ್ತೇನೆ ಎನ್ನುತ್ತಿದ್ದ. ಊರ ನಡುವಿನ ಹುಡೇವಿನ ಮೇಲೆ, ಆ ಎತ್ತರದ ಕಲ್ಲಿನ ಬುರುಜಿನ ಮೇಲೆ, ಬಂದೂಕಿನ ಮಂದಿ ಹಗಲೆಲ್ಲ ಕೂತು ಸುತ್ತ ನೋಡುತ್ತಿದ್ದರು.

"ಮಳಿಗಾಲದಾಗ ಇಲ್ಲಿ ಯಾರೂ ಇಳ್ಯಂಗಿಲ್ಲ ಅಂತ ಅವ್ರಿಗೆ ಗೊತ್ತದ" ಎಂದಳು ನೀಲವ್ವ. "ನಾ ಒಬ್ಬಾಕಿ. ಒಬ್ಬಾಕಿಗೆ ಒಂದs ಹೊಗಿ. ಎರಡನೇ ಹೊಗಿ ಕಂಡ್ರ ಬರ್ತಾರ. ಅದಕ್ಕ ನಿಮ್ಮ ಒಲಿ ಯಾವೂ ಹಚ್ಚಬ್ಯಾಡ್ರಿ. ಎಲ್ಲಾರಿಗೂ ನಾನs ಮಾಡಿ ಹಾಕ್ತೇನಿ. ಮನಸ್ಸಿಗೆ ಬಂದ್ರ ಉಣ್ರಿ."

ಕರಜಗಿಯವರು ಉಂಡರು. ವ್ಯಾಪಾರಿಯ ಹೆಂಡತಿ ರೊಟ್ಟಿಗೆ ಮೂರು ಸಲ ನೀರು ಚಿಮುಕಿಸಿ ಕಣ್ಣು ಮುಚ್ಚಿ ಉಂಡಳು. ಅತ್ತೆಯವರು ಮುಟ್ಟಲಿಲ್ಲ. ನೆನೆಸಿದ ಕಡಲೆ, ಒಂದು ಚೂರು ಬೆಲ್ಲ, ನೀರು. "ಶ್ರಾವಣ ಅದ, ಉಪವಾಸ ಅಂತ ತಿಳ್ಕೋತೇನಿ" ಎಂದರು. ಅವರು ಕೆಟ್ಟವರಲ್ಲ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಅವರ ಬಳಿ ಉಳಿದಿದ್ದದ್ದು ಆ ಮಡಿ ಒಂದೇ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನಗೆ ಮಾತ್ರ, "ನೀ ಉಣ್ಣು ಹೋಗು, ಹೊಟ್ಟ್ಯಾಗ ಕೂಸದ" ಎಂದು ಮುಖ ಆ ಕಡೆ ತಿರುಗಿಸಿದರು.

ಕತ್ತಲಾದ ಮೇಲೆ ಬೀಗ ತೆಗೆಸಿಕೊಂಡು ನಾನು ಅಂಗಳದ ಅಂಚಿನ ನೀಲವ್ವನ ಗುಡಿಸಲಿಗೆ ಹೋಗಿ ಉಂಡೆ. ಎಂಥ ರೊಟ್ಟಿ ಅವು! ತೆಳ್ಳಗೆ, ಅಂಚಿನವರೆಗೂ ಒಂದೇ ಸಮ, ಮುರಿದರೆ ಹದವಾಗಿ ಮುರಿಯುವಂಥವು. ಖಾರ ಹಾಕಿ ಕುಟ್ಟಿದ ಕಡಲೆ ಹಿಂಡಿ ಹಚ್ಚಿಕೊಂಡು ಬಕಬಕ ನಾಲ್ಕು ತಿಂದೆ. "ನಿನ್ನ ರೊಟ್ಟಿ ಛಲೋ ಅವ ನೀಲವ್ವಾ" ಎಂದೆ, ಅವಳು ಹಿಂದೆ ಆಡಿದ ಮಾತು ನೆನಪಿಟ್ಟುಕೊಂಡೇ. ಅವಳು ಬಾಯಿ ತುಂಬ ನಕ್ಕಳು. "ಬಸುರಿ ಏನ್ ಕೊಟ್ರೂ ತಿಂತಾಳ, ಮಣ್ಣೂ ತಿಂತಾಳ. ನಿಮ್ಮ ಮಾತ ಹಿಡ್ಯಂಗಿಲ್ರಿ ಬಾಯಿ. ಉಳದವ್ರು ಹೊಟ್ಟಿಗಿಲ್ದ ಉಣ್ಣಾಕತ್ತಾರ. ದೊಡ್ಡ ಬಾಯಾರು ಉಂಡ್ರ ಉಂಡಂಗ." ಹಾಗೆಂದು ದಿನಾ ಎರಡು ಹೊತ್ತು ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಬೀಗ ತೆಗೆದು ಅತ್ತೆಯವರ ಹೊಸ್ತಿಲ ಮೇಲೆ ಇಡುವಳು. ಸಂಜೆ ಅವು ಇದ್ದ ಹಾಗೇ ಇರುತ್ತಿದ್ದವು. ಎತ್ತಿಕೊಂಡು ಹೋಗಿ ತಾನೇ ತಿನ್ನುವಳು.

ಹೀಗೆ ಐದು ದಿನ. ಬೀಗ ಹಾಕಿದ ಕೋಣೆ, ಸೋರುವ ಮಾಳಿಗೆ, ಮಾತಾಡಲು ಮಾತಿಲ್ಲ. ಹೊಳೆಯ ಸಪ್ಪಳ ಕೇಳಿ ಕೇಳಿ ತಲೆ ಕೆಟ್ಟುಹೋಗಿತ್ತು. ಒಂದು ಕಾಲಕ್ಕೆ ಆ ಹೊಳೆ ನೋಡಲೆಂದೇ ಅಷ್ಟು ದೂರ ಬಂದವರು ನಾವು! ಆರನೇ ದಿನ ಮುಂಜಾನೆ ಮಲಕಪ್ಪ ಬಂದು, ನೀರು ಇಳಿದಿದೆ, ಮಧ್ಯಾಹ್ನ ಹುಡೇವಿನವರು ಊಟಕ್ಕೆ ಇಳಿದಾಗ ಬಿಡುತ್ತೇನೆ, ತಯಾರಾಗಿ ಎಂದ. ಅತ್ತೆಯವರು ಏಳಲು ಹೋಗಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಸಿದರು. ಕೈಕಾಲು ತಣ್ಣಗೆ. ಮುದುಕಿ ಇಲ್ಲೇ ಹೋದರೆ ಆಚೆ ದಂಡೆಯಲ್ಲಿ ಮಗನಿಗೆ ಏನೆಂದು ಹೇಳಲಿ?

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಒಂದು ಹಿಡಿ ಅಕ್ಕಿಯ ಗಂಜಿ ತಾನೇ, ಮಳೆಯ ಮೋಡ ಕವಿದಿದೆ, ಯಾರಿಗೆ ಕಾಣುತ್ತದೆ ಎಂದುಕೊಂಡೆ. ನೀಲವ್ವನನ್ನು ಕೇಳಿದರೆ ಅವಳೇ ಗಂಜಿ ತರುತ್ತಾಳೆ, ಅತ್ತೆಯವರು ಬಾಯಿ ಬಿಡುವುದಿಲ್ಲ. ಇನ್ನೂ ನಾಚಿಕೆಗೇಡು ಹೇಳಲೇ? ಅಂಥ ಹೊತ್ತಿನಲ್ಲೂ, ಕೋಣೆಯ ಮೂಲೆಯಲ್ಲಿ ನೀಲವ್ವ ಇಟ್ಟಿದ್ದ ಬುಟ್ಟಿಯಿಂದ ಸೆಗಣಿ ತೆಗೆದು, ಮೊದಲು ಒಲೆ ಸಾರಿಸಿದೆ. ಆಮೇಲೆ ಕಟ್ಟಿಗೆ ಹಚ್ಚಿದೆ. ಒಲೆ ಹಸಿ, ಕಟ್ಟಿಗೆಯೂ ಹಸಿ. ಉರಿ ಏಳಲಿಲ್ಲ, ಹೊಗೆ ಎದ್ದಿತು. ಊದಿದಷ್ಟೂ ಹೆಚ್ಚಾಗಿ ಬೆಳಕಿಂಡಿ ತುಂಬಿ ಮೇಲಕ್ಕೆ ಹೋಯಿತು.

ಬಾಗಿಲ ಬೀಗ ತೆಗೆದ ಸಪ್ಪಳ. ನೀಲವ್ವ ಹೊಸ್ತಿಲ ಹೊರಗೆ ನಿಂತಿದ್ದಳು. ಒಲೆ ನೋಡಿದಳು, ಅತ್ತೆಯವರನ್ನು ನೋಡಿದಳು, ನನ್ನ ಕೈಯ ಸೆಗಣಿ ನೋಡಿದಳು.

"ಎರಡಾದ್ವು ಬಾಯಿ" ಎಂದಳು.

ನಾನು ತಂಬಿಗೆ ಎತ್ತಿ ಒಲೆಗೆ ನೀರು ಸುರಿಯಲು ಹೋದೆ. "ಆರಸಬ್ಯಾಡ್ರಿ! ಕಂಡದ್ದು ಕಂಡಾತು. ಆರಿಸಿದ್ರ ಇನ್ನೂ ಗುಮಾನಿ ಆಗ್ತದ" ಎಂದು ಒಂದು ಗಳಿಗೆ ನಿಂತು ಯೋಚಿಸಿದಳು. ಮರುಗಳಿಗೆ ಹೊಸ್ತಿಲು ದಾಟಿ ಒಳಗೆ ಬಂದಳು. ಹೊಗೆಯಾಡುವ ಕೊಳ್ಳಿಯನ್ನು ನಮ್ಮ ಒಲೆಯಿಂದ ಎಳೆದುಕೊಂಡು ಆರನೇ ಕೋಣೆಗೆ ಹೋದಳು, ಅಲ್ಲಿಂದ ಐದಕ್ಕೆ, ನಾಲ್ಕಕ್ಕೆ. ಸೆಗಣಿಯ ಕುಳ್ಳು, ತೊಯ್ದ ಹುಲ್ಲು, ಹಸಿ ಜಾಲಿ, ಕೈಗೆ ಸಿಕ್ಕದ್ದನ್ನು ತುರುಕಿ ಏಳೂ ಒಲೆ ಹಚ್ಚಿದಳು. "ಎರಡ ಇದ್ರ ಯಾರೋ ಅದಾರ ಅಂತಾರ. ಏಳೂ ಇದ್ರ, ಮುದುಕಿ ಗೋಡಿ ಒಣಗಸಾಕತ್ತಾಳ ಅಂತಾರ. ವರ್ಷಾ ಮಳಿಗಾಲದಾಗ ಒಣಗಸ್ತೇನಿ. ನಡೀರಿ, ಹೊಳಿ ಕಡಿ ನಡೀರಿ!"

ಗಾಳಿ ಹೊಳೆಯ ಕಡೆಗೇ ಇತ್ತು. ಹೊಗೆ ದಂಡೆಯ ಮೇಲೆ ಕವಿದು ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ವ್ಯಾಪಾರಿಯೂ ಕರಜಗಿಯವನೂ ಅತ್ತೆಯವರನ್ನು ಕಂಬಳಿಯಲ್ಲಿ ಎತ್ತಿಕೊಂಡು ಓಡಿದರು. ನೀಲವ್ವ ನನ್ನನ್ನು ಹಿಡಿದು ನಿಲ್ಲಿಸಿ ಬಟ್ಟೆಯ ಗಂಟೊಂದನ್ನು ಕೈಗೆ ಇಟ್ಟಳು. ಅಂದಿನ ರೊಟ್ಟಿ, ಇನ್ನೂ ಬೆಚ್ಚಗಿದ್ದವು.

"ದೊಡ್ಡ ಬಾಯಾರಿಗೆ ಕೊಡ್ರಿ. ನೀಲವ್ವನ ಕೈವು ಅಂತ ಹೇಳೇ ಕೊಡ್ರಿ. ಕಳವಿಲೆ ಬ್ಯಾಡ. ಒಗದ್ರ ಒಗೀಲಿ. ಉಂಡ್ರ..." ಅಷ್ಟರಲ್ಲಿ ಅಂಗಳದ ಕಡೆ ಗದ್ದಲ ಕೇಳಿತು. ಅವಳು ನನ್ನನ್ನು ನೂಕಿ ಹಿಂದಕ್ಕೆ ಹೋದಳು.

ದೋಣಿ ಬಿಡುವಾಗ ನಮಗೆ ಏನೂ ಕಾಣಲಿಲ್ಲ, ಕೇಳಿಸುತ್ತಿತ್ತು. "ಏ ಮುದುಕಿ, ಏಳು ಒಲಿ ಯಾರಿಗೆ ಹಚ್ಚೀದಿ?" ಎಂದು ಗಂಡಸಿನ ದನಿ. "ಗೋಡಿಗೆ ಹಚ್ಚೇನ್ರಪಾ. ಬರ್ರಿ ಒಳಗ, ತೊಯ್ಸಿಕೊಂಡ್ ಬಂದೀರಿ, ನೀವೂ ಒಣಗ್ರಿ!" ಎಂದು ನೀಲವ್ವ. ಆಮೇಲೆ ಕೆಮ್ಮುವ ಸಪ್ಪಳ, ಮಡಕೆ ಒಡೆದ ಸಪ್ಪಳ. ಹೊಳೆಯ ನಡುವೆ ಬಂದ ಮೇಲೆ ನೀರಿನ ಮೊರೆತ ಬಿಟ್ಟು ಬೇರೇನೂ ಕೇಳಲಿಲ್ಲ.

ಆಚೆ ದಂಡೆಯ ಉಸುಕಿನ ಮೇಲೆ ಅತ್ತೆಯವರನ್ನು ಮಲಗಿಸಿದೆವು. ತುಟಿ ಒಣಗಿತ್ತು. ನಾನು ಗಂಟು ಬಿಚ್ಚಿದೆ. ಅವರು ಕಣ್ಣು ತೆರೆದು ಕೇಳಿದರು: "ಯಾರ ಕೈವು?"

"ನನ್ನವು ರೀ" ಎಂದೆ.

ಹೇಳಿದ್ದರೆ ಉಣ್ಣುತ್ತಿರಲಿಲ್ಲ, ಉಣ್ಣದಿದ್ದರೆ ಉಳಿಯುತ್ತಿರಲಿಲ್ಲ. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅವರು ನೀರಿನಲ್ಲಿ ಅದ್ದಿ ಅದ್ದಿ ಎರಡು ರೊಟ್ಟಿ ತಿಂದರು. ತಿಂದು, "ಛಲೋ ಆಗ್ಯಾವ. ಈಗ ರೊಟ್ಟಿ ಬಡೀಲಿಕ್ಕೆ ಕಲ್ತಿ ನೋಡು" ಎಂದರು. ಮದುವೆಯಾದಂದಿನಿಂದ ಅವರು ನನ್ನ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿದೆ, ನಾಚಿಕೊಂಡೆ ಎಂದುಕೊಂಡಿರಬೇಕು.

ಆಮೇಲೆ ನೀಲವ್ವನನ್ನು ನಾನು ಒಂದೇ ಸಲ ನೋಡಿದೆ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ಗದ್ದಲ ಮುಗಿಯಿತು. ನನಗೆ ಮಗ ಹುಟ್ಟಿದ. ಡಿಸೆಂಬರಿನ ಚಳಿಯಲ್ಲಿ ನಮ್ಮವರು ಮುಂದಾಗಿ ಆಳಂದಕ್ಕೆ ಹೋಗಿ ಗಾಡಿ ಕಳಿಸಿದರು. ಹೊಳೆ ದಾಟಿ ಈಚೆ ಬಂದಾಗ ಅತ್ತೆಯವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಾಡಿಯಲ್ಲಿ ಕೂತರು. ಒಂದು ಹೊಸ ಇಳಕಲ್ ಸೀರೆ ತೆಗೆದು ನನ್ನ ಕೈಗೆ ಕೊಟ್ಟು, "ಹೋಗಿ ಮಾತಾಡಿಸ್ಕೊಂಡು ಬಾ. ನಮ್ಮ ಜೀವಾ ಉಳಿಸಿದಾಕಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಯಾಕೆ ಹೇಳಲಿ.

ಬಿಡಾರದ ನಾಲ್ಕು ಕೋಣೆಯ ಮಾಳಿಗೆ ಬಿದ್ದಿತ್ತು. ನೀಲವ್ವ ತನ್ನ ಗುಡಿಸಲಿನಲ್ಲಿ ಕೂತಿದ್ದಳು. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು, ಬೆರಳು ಮಡಚುತ್ತಿರಲಿಲ್ಲ. ನನ್ನ ದೃಷ್ಟಿ ಅಲ್ಲಿ ನಿಂತದ್ದು ನೋಡಿ, "ಯಾರಿದ್ರು ಅಂತ ಕೇಳಿದ್ರು. ಗೋಡಿ ಅಂದೆ. ಬಂದೂಕಿನ ಹಿಡೀಲೆ ಒಂದು ಕೊಟ್ರು" ಎಂದಳು.

"ನನ್ನಿಂದ ಆತು ನೀಲವ್ವಾ. ನಾ ಒಲಿ ಹಚ್ಚಬಾರದಿತ್ತು" ಎಂದೆ.

"ಒಲಿ ಇರೂದs ಹಚ್ಚಾಕ. ಬಿಡ್ರಿ ಅದನ್ನ" ಎಂದಳು. ಮುಂದೆ ಇಟ್ಟ ಸೀರೆಯ ಕಡೆ ಅವಳು ನೋಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ದೊಡ್ಡ ಬಾಯಾರು ಉಂಡ್ರೇನ್ರಿ?"

"ಉಂಡ್ರು. ಎರಡು ರೊಟ್ಟಿ ಉಂಡ್ರು."

"ನನ್ನ ಕೈವು ಅಂತ ಗೊತ್ತಿತ್ತೇನ್?"

ಆ ಸೊಟ್ಟ ಕೈ ನನ್ನ ಎದುರಿಗಿತ್ತು. ಇಲ್ಲ ಎನ್ನಲು ಆಗಲಿಲ್ಲ.

"ಗೊತ್ತಿತ್ತು."

"ಏನಂದ್ರು?"

"ಛಲೋ ಆಗ್ಯಾವ ಅಂದ್ರು."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಗಡಬಡಿಸಿ ಎದ್ದಳು. "ಹಂಗಾದ್ರ ಗಾಡ್ಯಾಗ ಯಾಕ ಕುಂಡ್ರಿಸೀರಿ? ಕರಕೊಂಡ ಬರ್ರಿ. ಬಿಸಿ ರೊಟ್ಟಿ ಬಡೀತೇನಿ, ಉಂಡು ಹೋಗ್ಲಿ. ಎಡಗೈಲೆ ಈಗೀಗ ಬರಾಕತ್ತಾವ. ಕರಕೊಂಡ ಬರ್ತೀರಲ್ರಿ?"

"ಕರಕೊಂಡ ಬರ್ತೇನಿ" ಎಂದೆ.

ಗುಡಿಸಲಿನಿಂದ ಗಾಡಿಗೆ ನಲವತ್ತು ಹೆಜ್ಜೆ ಇರಬಹುದು. ಆ ನಲವತ್ತು ಹೆಜ್ಜೆಯಲ್ಲಿ ಹೇಳಲೋ ಬೇಡವೋ, ಹೇಳಲೋ ಬೇಡವೋ ಎಂದುಕೊಂಡೇ ಬಂದೆ. ಹೇಳಿದರೆ ಉಸುಕಿನ ಮೇಲೆ ಆಡಿದ ಸುಳ್ಳು ಹೊರಗೆ ಬರುತ್ತದೆ, ಮಡಿ ಕೆಡಿಸಿದವಳು ನಾನಾಗುತ್ತೇನೆ. ಜೀವ ಉಳಿಸಿದವಳ ಮನೆ, ಹೇಳಿದ್ದರೆ ಇಳಿದು ಬರುತ್ತಿದ್ದರೋ ಏನೋ. ಆ ದಿನ ಅವರ ಮನಸ್ಸು ಮೆತ್ತಗಾಗಿತ್ತು. ನಾನು ಕೇಳಲೇ ಇಲ್ಲ. ಗಾಡಿ ಹತ್ತಿ ಕೂಸನ್ನು ಎತ್ತಿಕೊಂಡು, ಹೊತ್ತಾಯಿತು ಹೊಡಿ ಎಂದು ಗಾಡಿಯವನಿಗೆ ಹೇಳಿದೆ.

"ಏನಂದ್ಳು?" ಎಂದರು ಅತ್ತೆಯವರು.

"ಆರಾಮ ಅದಾಳ್ರಿ. ಸೀರಿ ತಗೊಂಡ್ಳು."

ಎತ್ತುಗಳು ಹೆಜ್ಜೆ ಹಾಕಿದವು. ಗುಡಿಸಲಿನ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿತು. ಒಂದು ಬಡಿತ, ತಡೆದು ಇನ್ನೊಂದು, ಮತ್ತೆ ತಡೆದು ಇನ್ನೊಂದು. ಅತ್ತೆಯವರು ಕಿವಿಗೊಟ್ಟು ಕೇಳಿ, "ಯಾರ ಬೇ ಅದು, ಕೈಗೆ ಹದಾನ ಇಲ್ಲ?" ಎಂದರು.

"ಯಾರೋ ಬಿಡಾರಕ್ಕ ಬಂದವ್ರು ಇರಬೇಕ್ರಿ" ಎಂದೆ.